ಆಮೆಮನೆಯ ಹನ್ನೊಂದು ಬಲ್ಬು

ಮೊಳಕಾಲ್ಮೂರು
ಜನವರಿ 2003

ಪಾತಣ್ಣ,

ನಿನಗೆ ಓದಲು ಬರುವುದಿಲ್ಲ, ಈ ಕಾಗದವನ್ನು ನಿನ್ನ ಮಗಳು ರೇಣುಕಮ್ಮ ಓದಿ ಹೇಳುತ್ತಾಳೆ. ತಾಯೀ ರೇಣುಕಾ, ನಿನ್ನಲ್ಲೊಂದು ಮಾತು. ಅಪ್ಪನಿಗೆ ನೋವಾಗುತ್ತೆ ಅಂತ ಎಲ್ಲೂ ಸಾಲು ಹಾರಿಸಬೇಡ. ನನ್ನನ್ನು ಬೈಯಬೇಕು ಅನ್ನಿಸಿದ ಕಡೆ ನಿಲ್ಲಿಸಿ, ಬೈದು, ಆಮೇಲೆ ಮುಂದಕ್ಕೆ ಓದು.

ಪಾತಣ್ಣ, ನೀನು ಕಳ್ಳನಲ್ಲ. ಇದು ನನಗೆ ನಾಲ್ಕು ವರ್ಷದಿಂದ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಮೈಕು ಸಿಕ್ಕರೆ ಎರಡು ಗಂಟೆ ಬಿಡದೆ ಮಾತಾಡುವ ಬಾಯಿ ಇದು.

ಕೊಂಡ್ಲಹಳ್ಳಿ ದಾರಿಯ ಆ ತಗಡಿನ ಕೊಠಡಿ ಈಗಲೂ ಕಣ್ಣ ಮುಂದಿದೆ. ಯಾರೋ ಮೂಟೆ ಕಟ್ಟಿ ಮಾರಲು ಒಯ್ಯುತ್ತಿದ್ದ ನಕ್ಷತ್ರ ಆಮೆಗಳು ರಾಂಪುರದ ಹತ್ತಿರ ಸಿಕ್ಕಿದ್ದವು. ಬದುಕಿದ್ದ ಹದಿನೇಳನ್ನು ಅಲ್ಲಿ ತಂದಿಟ್ಟರು. ದಾನಿಗಳು ಕೊಟ್ಟದ್ದರಲ್ಲಿ ನಡೆಯುತ್ತಿದ್ದ ಆ ಆಮೆಮನೆಗೆ ಬೊಮ್ಮಲಿಂಗಪ್ಪ ಕಾರ್ಯದರ್ಶಿ, ನೀನು ಕಾವಲುಗಾರ. ಪಾಪಾಸುಕಳ್ಳಿ ಹಣ್ಣಿನ ಮುಳ್ಳು ಒರೆಸಿ ನೀನೇ ಒಂದೊಂದಕ್ಕೂ ತಿನ್ನಿಸುತ್ತಿದ್ದೆ. ಚಳಿ ಶುರುವಾದ ಮೇಲೆ ಅವುಗಳ ಮೂಗು ಸೋರಿತು, ಮೇವು ಬಿಟ್ಟವು. ದನದ ಡಾಕ್ಟರು ಬಂದು, ಒಂದು ಮೂಲೆ ಹಗಲೂ ರಾತ್ರಿ ಬೆಚ್ಚಗಿರಲಿ, ಇನ್ನೊಂದು ಮೂಲೆ ತಣ್ಣಗಿರಲಿ, ಎಲ್ಲಿ ಬೇಕೋ ಅಲ್ಲಿಗೆ ಅವೇ ಸರಿದುಕೊಳ್ಳುತ್ತವೆ ಅಂದರು. ಆಗ ಬಂತು ಆ ಇನ್ನೂರು ಕ್ಯಾಂಡಲ್ ಬಲ್ಬು. ಮೇಲೊಂದು ತಗಡಿನ ಡಬ್ಬಿ ಕವುಚಿ, ಕಾವು ಕೆಳಗೇ ಬೀಳುವ ಹಾಗೆ ತೂಗುಬಿಟ್ಟರು.

ಬಲ್ಬು ಮೂರು ದಿನಕ್ಕೊಂದು ಸುಡತೊಡಗಿತು. "ಬುಡ್ಡಿಗಾದ್ರೆ ಎಣ್ಣೆ ಹಾಕಿದ್ರೆ ಉರೀತೈತೆ, ಇದಕ್ಕೇನ್ ಹಾಕಾನಪ್ಪ ಗೋವರ್ಧನ?" ಅಂತ ನೀನು ನಗುತ್ತಲೇ ನನ್ನನ್ನು ಕೇಳಿದ್ದೆ. ನಾನು ನಗಲಿಲ್ಲ. ನಮ್ಮ ಮನೆಯ ಬಲ್ಬು ಎರಡು ವರ್ಷ ಉರಿದಿತ್ತು. ಮೂರು ದಿನಕ್ಕೆ ಯಾವ ಬಲ್ಬು ಸುಡುತ್ತೆ? ಯಾರೋ ಹೊಸದನ್ನು ಹೊತ್ತೊಯ್ದು, ಎಲ್ಲಿಂದಲೋ ತಂದ ಸುಟ್ಟದ್ದನ್ನು ಸಿಕ್ಕಿಸುತ್ತಿದ್ದಾರೆ ಅಂತ ತೀರ್ಮಾನಿಸಿದೆ. ನಮ್ಮ ಹೋರಾಟದ ಸಂಘಟನೆಯಲ್ಲಿ ಕಲಿತ ಚಾಳಿಯೇ ಹಾಗೆ, ಮೊದಲು ಕರಪತ್ರ, ಆಮೇಲೆ ವಿಚಾರಣೆ. "ಆಮೆಯ ಬಲ್ಬು ಯಾರ ಮನೆಯಲ್ಲಿ ಉರಿಯುತ್ತಿದೆ?" ಅಂತ ಅಚ್ಚು ಹಾಕಿಸಿ ಹಂಚಿದೆ.

ನನ್ನ ಗುರಿ ಬೊಮ್ಮಲಿಂಗಪ್ಪ, ನಿಜ. ಆದರೆ ಕಲ್ಲು ಹೊಡೆದವನಿಗೆ ಅದು ಯಾರಿಗೆ ಬೀಳುತ್ತೆ ಅನ್ನುವ ಅಂದಾಜು ಇರಬೇಕು. ಅವನು ಅದೇ ಸಂಜೆ ನಿನ್ನನ್ನು ಮನೆಗೆ ಕಳಿಸಿ ಕೈ ತೊಳೆದುಕೊಂಡ. ಅಲ್ಲಿಗಾದರೂ ನಾನು ನಿಲ್ಲಬೇಕಿತ್ತು. ಬಿ.ಜಿ. ಕೆರೆಯ ಸಂತೆಯಲ್ಲಿ ಮೈಕು ಹಿಡಿದು, "ಕಾರ್ಯದರ್ಶಿ ನುಂಗಿದ, ಕಾವಲುಗಾರ ಕದ್ದ" ಅಂದೆ. ಕೇಳಲು ಚೆನ್ನಾಗಿತ್ತು, ಚಪ್ಪಾಳೆ ಬಿತ್ತು. ಬಡವನ ಪರ ಮಾತಾಡುತ್ತೇನೆ ಅಂದುಕೊಂಡು ಒಬ್ಬ ಬಡವನ ಮಾನವನ್ನು ಆ ಚಪ್ಪಾಳೆಗೆ ಮಾರಿದೆ.

ಇನ್ನು ನೀನು ಕೇಳಿರದ ಸಂಗತಿ ಬರೆಯುತ್ತೇನೆ. ನೀನು ಕೆಲಸ ಕಳೆದುಕೊಂಡ ಎಂಟನೇ ದಿನಕ್ಕೆ ಚಳ್ಳಕೆರೆಯಿಂದ ಮೋಟಾರ್ ವೈಂಡಿಂಗ್ ಬಾಬು ಸಾಬರನ್ನು ಕರೆದುಕೊಂಡು ಹೋದೆ. ಬಲ್ಬುಗಳು ಅಲ್ಲಿ ಸುಟ್ಟದ್ದಲ್ಲ ಅಂತ ಅವರ ಕೈಲಿ ಬರೆಸಿಕೊಳ್ಳುವ ಆಸೆ. ದಾರಿಯುದ್ದಕ್ಕೂ ನಿನ್ನ ಕಳ್ಳತನ ವರ್ಣಿಸಿದೆ. ಅವರು ಬೀಡಿ ಆರಿಸಿ, "ಅರೆ ಸಾಹೇಬ್ರೇ, ನೋಡೋಕ್ ಮುಂಚೇನೇ ತೀರ್ಪು ಕೊಟ್ರೆ ನಾನ್ಯಾಕ್ ಬರ್ಲಿ? ವಾಪಸ್ ಹೋಗ್ತೀನಿ ಬಿಡ್ರಿ" ಅಂದರು.

ಸುಟ್ಟ ಬಲ್ಬನ್ನೆಲ್ಲ ನೀನು ಒಂದು ಮಂಕರಿಯಲ್ಲಿ ಎತ್ತಿಟ್ಟಿದ್ದೆ. ಹನ್ನೊಂದು. ಬಾಬು ಸಾಬ್ ಒಂದೊಂದನ್ನೇ ತಿರುಗಿಸಿ ಬುಡ ನೋಡಿದರು. ಬಲ್ಬಿನ ಬುಡದಲ್ಲಿ ಕರೆಂಟು ತಗೊಳ್ಳುವ ಎರಡು ಸೀಸದ ಬೊಟ್ಟು ಇರುತ್ತವಲ್ಲ, ಹನ್ನೊಂದರಲ್ಲೂ ಒಂದು ಬೊಟ್ಟು ಸರಿಯಾಗಿತ್ತು, ಇನ್ನೊಂದು ಕರಗಿ ಕಪ್ಪು ಗುಳಿ ಬಿದ್ದಿತ್ತು. ಆಮೇಲೆ ಮೇಲಿನ ಹೋಲ್ಡರ್ ಬಿಚ್ಚಿದರು. ಅದರ ಒಂದು ಸ್ಪ್ರಿಂಗು ಕಾವಿಗೆ ಸತ್ತು ಮೇಲಕ್ಕೇಳುತ್ತಲೇ ಇರಲಿಲ್ಲ. ಬೊಟ್ಟಿಗೆ ಬಿಗಿಯಾಗಿ ತಾಗದೆ ಅಲ್ಲಿ ಕಿಡಿ ಹಾರುತ್ತಿತ್ತು. ಹನ್ನೊಂದಕ್ಕೂ ಗಾಯ ಮಾಡಿದ್ದು ಆ ಒಂದೇ ಹಲ್ಲು.

"ಇವೆಲ್ಲಾ ಇಲ್ಲೇ ಸತ್ತಿರೋವು. ಬೇರೆ ಕಡೆಯಿಂದ ತಂದಿದ್ರೆ ಹನ್ನೊಂದಕ್ಕೂ ಒಂದೇ ಗಾಯ ಎಲ್ಲಿಂದ ಬರ್ತದೆ? ಆ ಮನುಷ್ಯ ಕದ್ದಿಲ್ಲ" ಅಂದರು ಬಾಬು ಸಾಬ್.

ಅವರು ಕೆಲಸಕ್ಕಿಳಿದರು. ಡಬ್ಬಿಗೆ ತೂತಿರಲಿಲ್ಲ, ಕಾವು ಹೊರಗೆ ಹೋಗದೆ ಬಲ್ಬಿನ ಕತ್ತಿಗೇ ಹೊಡೆಯುತ್ತಿತ್ತು. ಮೇಲೆ ಆರು ತೂತು ಕೊರೆದರು. ಹಳೇ ಹೋಲ್ಡರ್ ಬಿಸಾಡಿ ಪಿಂಗಾಣಿಯದು ಹಾಕಿದರು. ಮೀಟರು ಹಿಡಿದು ಕಾದರು. ಮಧ್ಯಾಹ್ನ ಹೊಲಗಳ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ನಿಂತದ್ದೇ ತಡ, ಇನ್ನೂರ ಹದಿನೈದಿದ್ದ ಓಲ್ಟೇಜು ಇನ್ನೂರ ಅರವತ್ತೆಂಟಕ್ಕೆ ಹಾರಿತು. ಎಳೆಯೋರು ಇಲ್ಲದ ಕರೆಂಟೆಲ್ಲ ಆ ಬಡಪಾಯಿ ಬಲ್ಬಿನ ಮೇಲೆ! ಅದಕ್ಕವರು ಎರಡು ಬಲ್ಬನ್ನು ಒಂದರ ಹಿಂದೊಂದು ಜೋಡಿಸಿ ಹೊರೆಯನ್ನು ಇಬ್ಬರಿಗೂ ಹಂಚಿದರು. ಬೆಳಕು ಕೆಂಪಗೆ ಮಂಕಾಯಿತು. ನಾನು ಅನುಮಾನದಿಂದ ನೋಡಿದ್ದಕ್ಕೆ, "ಆಮೆ ಪೇಪರ್ ಓದ್ತದೇನ್ರೀ? ಕಾವು ಸಾಕು ಅದಕ್ಕೆ" ಅಂದರು. ಅರ್ಧ ಗಂಟೆಗೆ ಒಂದು ಆಮೆ ಕತ್ತು ಹೊರಗೆ ಹಾಕಿ ಬಲ್ಬಿನಡಿಗೆ ನಡೆದು ಬಂತು. ಮಳೆಗಾಲಕ್ಕೆ ಅವನ್ನೆಲ್ಲ ಕುರುಚಲು ಕಾಡಿಗೆ ಬಿಡುವವರೆಗೂ ಆ ಜೋಡಿ ಸುಡಲಿಲ್ಲ.

ಅವತ್ತೇ ನಾನು ನಿಮ್ಮ ಹಟ್ಟಿಗೆ ಬರಬೇಕಿತ್ತು. ಗೆಳೆಯರು, "ಒಂದು ಕರಪತ್ರ ಸುಳ್ಳು ಅಂದ್ರೆ ಉಳಿದದ್ದನ್ನು ಯಾರು ನಂಬ್ತಾರೋ? ಸುಮ್ಮನಿರು" ಅಂದರು. ನನಗೂ ಅದೇ ಬೇಕಿತ್ತು. ಆಳುವವರ ಮೂಗು ಹಿಡಿದು ತಪ್ಪು ಒಪ್ಪಿಸುವ ನಾವು ನಮ್ಮ ತಪ್ಪಿಗೆ ಹೇಡಿಗಳು. ಬಾಬು ಸಾಬ್ ಮಾತ್ರ ಎಲ್ಲಿ ಸಿಕ್ಕರೂ, "ಹೇಳಿದ್ರಾ?" ಅನ್ನುತ್ತಿದ್ದರು. ನಾನು ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಹೋದ ವಾರ ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಕೂರಲಿಲ್ಲ, ಚಾ ಮುಟ್ಟಲಿಲ್ಲ. ನಿನ್ನ ಅಣ್ಣ ಕೆಂಚಣ್ಣನಿಗೆ ಕಣ್ಣು ಮಂಜಾಗಿದೆಯಂತೆ, ದೇವರ ಎತ್ತು ಕಾಯುವ ಕಿಲಾರಿತನ ನಿನಗೆ ಬರಬೇಕಂತೆ, ಆದರೆ ಹಟ್ಟಿಯ ಹಿರಿಯರು "ಬಲ್ಬು ಕದ್ದ ಕೈಗೆ ದೇವರ ದನ ಕೊಡಲ್ಲ" ಅಂದರಂತೆ. ಬರುವ ಸೋಮವಾರ ಕೂತು ಬೇರೆಯವರ ಹೆಸರು ಹೇಳುತ್ತಾರಂತೆ. "ನಿಮ್ಮ ಸುಳ್ಳು ಇನ್ನೂ ಉರೀತಾ ಐತೆ ಸಾಹೇಬ್ರೇ" ಅಂದು ಹೊರಟುಹೋದರು.

ದೇವರ ಎತ್ತು ಅಂದರೆ ನಾನು ಭಾಷಣದಲ್ಲಿ ನಕ್ಕವನು. ಉಣ್ಣಲು ಇಲ್ಲದವರು ಉಳದ ಎತ್ತು ಯಾಕೆ ಸಾಕಬೇಕು ಅಂತ ಕೇಳಿದವನು. ಆ ಪ್ರಶ್ನೆ ನನ್ನಲ್ಲಿ ಈಗಲೂ ಇದೆ, ನಿನಗೆ ಸುಳ್ಳು ಹೇಳಲಾರೆ. ಆದರೆ ಕಾಲಿಗೆ ಚಪ್ಪಲಿ ಹಾಕದೆ, ಆ ದನಗಳ ಹಿಂದೆ ಬದುಕು ಸವೆಸುವ ಕೆಲಸವನ್ನು ನೀನು ಬೇಡುತ್ತಿದ್ದೀಯ. ನಿನ್ನ ಅಪ್ಪ ಮಾಡಿದ ಕೆಲಸ, ಅಣ್ಣ ಮಾಡಿದ ಕೆಲಸ. ಅದು ಬೇಕೋ ಬೇಡವೋ ಹೇಳಬೇಕಾದವನು ನೀನು. ಅದನ್ನು ನನ್ನ ಸುಳ್ಳು ತೀರ್ಮಾನಿಸಬಾರದು.

ಸೋಮವಾರ ಬೆಳಗ್ಗೆ ಬರ್ತೀನಿ. ಬಾಬು ಸಾಬ್ ಕೂಡ ಬರುತ್ತಾರೆ. ದೇವರ ಮುಂದೆ ನಿಂತು ಹೇಳು ಅಂದರೆ ನಿಂತು ಹೇಳುತ್ತೇನೆ, ಕೈಯಿಟ್ಟು ಹೇಳು ಅಂದರೆ ಕೈಯಿಡುತ್ತೇನೆ. ನಿಮ್ಮ ಹಟ್ಟಿ ನಂಬುವ ಕೋರ್ಟು ಅದು. ಅವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಒಪ್ಪದಿದ್ದರೆ ಮತ್ತೆ ಬರುತ್ತೇನೆ.

ನಾನು ಬಂದಾಗ ನೀನು ಏಳಬೇಡ, ಚಾಪೆ ಹಾಸಬೇಡ. "ಬಂದ್ಯಾ ಗೋವರ್ಧನ" ಅನ್ನುವುದೂ ಬೇಡ. ಕ್ಷಮಿಸು ಅಂತಲೂ ಕೇಳುವುದಿಲ್ಲ, ಅದು ನಿನ್ನ ಸ್ವತ್ತು, ನೀನೇ ಇಟ್ಟುಕೋ. ನೀನು ಅಲ್ಲಿ ಹಿರಿಯರ ನಡುವೆ ತಲೆಯೆತ್ತಿ ಕೂತಿರು, ನಾನು ನಿಂತೇ ಹೇಳುತ್ತೇನೆ.

ನೀನು ಕಾಯುವ ದನಗಳಿಗೆ ಅಡವಿಯಲ್ಲಿ ಮೇವು, ಕಟ್ಟೆಯಲ್ಲಿ ನೀರು ತಪ್ಪದಿರಲಿ.

ನಿನ್ನ ಮೇಲೆ ಸುಳ್ಳು ಹೊರಿಸಿದವನು,
ಗೋವರ್ಧನ