ಗಂಟಿನ ಬಾಲ

ಮಾರ್ಚ್ 9, ರವಿವಾರ

ದೋಣಿಯ ಚುಕ್ಕಾಣಿಗೆ ಮತ್ತೆ ತೂತು ಕೊರೆದೆ. ಬಾಗಿಲ ಬಿಜಾಗರಿ ಸಾಕು ಅಂತ ಹಾಯಿದೋಣಿ ಮಾಡುವುದನ್ನು ಕಲಿಸುವ ವಿಡಿಯೋದವನು ಹೇಳಿದ್ದ. ಅವನ ಮನೆ ಬಾಗಿಲು ಬೇರೆ ಇರಬೇಕು. ನಮ್ಮದು ಆಗಲೇ ತುಕ್ಕು. ಸ್ಟೀಲಿನದು ತಂದೆ. ಹಳೇ ಮಗ್ಗದ ಎರಡು ರಾಟೆ ತಿಕ್ಕಿ ಎಣ್ಣೆ ಬಿಟ್ಟೆ. ಹಾಯಿ ಎಳೆಯುವ ಹಗ್ಗ ಇವುಗಳ ಮೇಲೇ ಓಡಬೇಕು.

ಅನುರಾಧಾ ಚಹಾ ತಂದವಳು ಅಂಗಳದ ಅವಾಂತರ ನೋಡಿ ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಅದೇ ಬೈಗುಳ. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ತಿಳಿಯದಿದ್ದರೆ ಹೆಂಗೆ.

ಈ ಹುಚ್ಚು ಯಾಕೆ... ಬರೆದಿಡುತ್ತೇನೆ, ಯಾರು ಓದುತ್ತಾರೆ. ಬೀಳಗಿ ಕಡೆಯ ಅವಳ ಹಳೇ ಊರು ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಅಪ್ಪನ ಮನೆ, ಅವನು ಕುಣಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ ಕುಣಿಮಗ್ಗ, ಹಿತ್ತಲ ಬಾವಿ, ಎಲ್ಲ. ಆಮೇಲೆ ಅವಳು ಹೊಳೆಯ ನೀರು ಮುಟ್ಟಿಲ್ಲ. ಬಸ್ಸು ಸೇತುವೆಗೆ ಬಂದರೆ ಕಣ್ಣು ಮುಚ್ಚುತ್ತಾಳೆ. ಆದರೆ ಬೇಸಿಗೆಗೆ ನೀರು ಇಳಿದು ಹಣಮಂತದೇವರ ಗುಡಿಯ ಶಿಖರ ಕಾಣುತ್ತಿದೆ ಅಂತ ಯಾರಾದರೂ ಅಂದರೆ, ಅವತ್ತು ಊಟ ಸೇರುವುದಿಲ್ಲ. ಒಮ್ಮೆ ಅವಳನ್ನು ಅಲ್ಲಿಗೆ ಒಯ್ಯಬೇಕು. ಬಾಡಿಗೆ ದೋಣಿ ಸಿಗುತ್ತದೆ, ಗೊತ್ತು. ಮೋಟರಿನ ಗದ್ದಲದಲ್ಲಿ ತವರಿಗೆ ಹೋಗಬಾರದು ಅನ್ನಿಸುತ್ತದೆ ನನಗೆ.

ಸಂಜೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಬಹಳ ಹೊತ್ತು ಅಕ್ಕಿ ಆರಿಸಿದಳು. ಆಮೇಲೆ —

“ಮೊದಲ ನೀವ ಹೋಗಿ ಬರ್ರಿ. ದಂಡಿ ಮ್ಯಾಲೆ ನಿಂತು ನೋಡತೇನಿ. ನೆಟ್ಟಗ ಬಂದ್ರ ಕೂಡತೇನಿ. ಇಲ್ಲಂದ್ರ ಈ ಮಾತ ಮತ್ತ ಎತ್ತಬ್ಯಾಡ್ರಿ.”

ಒಪ್ಪಿಕೊಂಡೆ.

ಮಾರ್ಚ್ 23

ಹಾಯಿ ಆಯಿತು. ಬಟ್ಟೆ ಅಣ್ಣ ಗಿರಿಮಲ್ಲಪ್ಪನ ಮಗ್ಗದ್ದೇ. ಎರಡು ಪದರ ಹೊಲಿದು, ಅಂಚಿಗೆ ಹಗ್ಗ ತೂರಿಸಲು ಚಪ್ಪಲಿ ಅಂಗಡಿಯ ಹಿತ್ತಾಳೆ ಕಣ್ಣು ಬಡಿಸಿದೆ. ಬಿದಿರಿನ ಕಂಬಕ್ಕೆ ಕಟ್ಟಿ ಮಾಳಿಗೆ ಮೇಲೆ ನಿಲ್ಲಿಸಿದಾಗ ಓಣಿಯವರೆಲ್ಲ ನೋಡಿದರು. ಎದುರು ಮನೆಯ ತಾಯವ್ವ, ಯಾವ ಪಾರ್ಟಿ ಬಾವುಟ ಅಂತ ಕೇಳಿದಳು.

ನೈಲಾನ್ ಹಗ್ಗ ಸಾಲಲಿಲ್ಲ. ಎರಡು ತುಂಡು ಜೋಡಿಸಿದೆ. ನೇಕಾರರ ಗಂಟು! ವಿಡಿಯೋದಲ್ಲೂ ಅದೇ ಗಂಟು, ಹೆಸರು ಮಾತ್ರ ಬೇರೆ. ಎದೆ ಉಬ್ಬಿತು. ಕಾಲೇಜ್ ಆಫೀಸಿನಲ್ಲಿ ಫೈಲು ಕಟ್ಟಿ ಇಷ್ಟು ವರ್ಷ ಕಳೆದರೂ ಬೆರಳು ಮರೆತಿಲ್ಲ. ಗಂಟಿನಿಂದ ಹೊರಗುಳಿದ ಬಾಲವನ್ನು ಬುಡಕ್ಕೆ ಕತ್ತರಿಸಿದೆ. ನೂಲಿನ ಎಳೆಯಲ್ಲಿ ಬಾಲ ಉಳಿದರೆ ಮಗ್ಗದ ಹಣಿಗೆಗೆ ಸಿಕ್ಕು ಬಟ್ಟೆ ಕೆಡುತ್ತದೆ ಅಂತ ಅಪ್ಪ ಬೆರಳಿಗೆ ಹೊಡೆದು ಕಲಿಸಿದ್ದು. ಅಣ್ಣ ಸವರಿ ನೋಡಿ, ಗಂಟು ಎಲ್ಲೈತಿ ಅಂತನ ತಿಳಿಯೂದಿಲ್ಲ ಲೇ ಅಂದ. ಅವನ ಬಾಯಿಂದ ಹೊಗಳಿಕೆ!

ಏಪ್ರಿಲ್ 6, ಸಂಜೆ

ಬರೆಯಲು ಮನಸ್ಸಿಲ್ಲ.

ಗಲಗಲಿಯ ಹೊಳೆಯಲ್ಲಿ ಗಾಳಿ ಛಲೋ ಇತ್ತು. ನನಗೆ ದೋಣಿ ಕೊಟ್ಟ ಮೀನುಗಾರ ರಾಮಣ್ಣ ತನ್ನ ದೋಣಿಯಲ್ಲಿ ಹಿಂದೆ ಇದ್ದ. ಹಾಯಿ ತುಂಬಿತು. ಸದ್ದೇ ಇಲ್ಲದೆ ಓಡಿತು. ದಡದಲ್ಲಿ ಅನುರಾಧಾಳ ಹಸಿರು ಸೀರೆ. ಕೈ ಬೀಸಿದೆ. ಖುಷಿಗೆ ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಜೋರು ಗಾಳಿ. ಕೈಯಲ್ಲಿದ್ದ ಹಗ್ಗ ಹಗುರಾಯಿತು. ಗಂಟು ಬಿಚ್ಚಿತ್ತು. ಹಾಯಿ ಪಟಪಟ ಬಡಿದುಕೊಂಡಿತು. ತುದಿ ಹಿಡಿಯಲು ಬಗ್ಗಿದೆ — ಬಿದ್ದೆ. ತೊಟ್ಟಿದ್ದ ಲೈಫ್ ಜಾಕೆಟ್ಟು ಮುಳುಗಲು ಬಿಡಲಿಲ್ಲ. ರಾಮಣ್ಣ ಕಾಲರು ಹಿಡಿದು ಎಳೆದುಕೊಂಡ.

ದಡದಲ್ಲಿ ಅವಳು ಬೈಯಲಿಲ್ಲ, ಅಳಲಿಲ್ಲ. ತಲೆ ಒರೆಸಿದಳು. ಬೈಕಿನಲ್ಲಿ ಬನಹಟ್ಟಿಯ ಮನೆಗೆ ಬಂದೆವು. ಅವಳ ಸೀರೆಯೂ ಮೊಣಕಾಲವರೆಗೆ ಒದ್ದೆ. ನನ್ನ ಬಟ್ಟೆಯ ನೀರು ತಾಗಿರಬೇಕು.

ಮಾತು ಮಾತೇ. ಇನ್ನು ಎತ್ತುವುದಿಲ್ಲ.

ಏಪ್ರಿಲ್ 20

ಇವತ್ತು ಹಗ್ಗ ಕೈಗೆ ತೆಗೆದುಕೊಂಡೆ. ದೋಣಿ ರಾಮಣ್ಣನಿಗೇ ವಾಪಸು ಕೊಡುವುದು, ಆದರೆ ಗಂಟು ಯಾಕೆ ಬಿಚ್ಚಿತು ಅಂತ ತಿಳಿಯದೆ ಸಾಯಲಾರೆ.

ಕಿಟಕಿ ಸರಳಿಗೆ ಕಟ್ಟಿ ಜಗ್ಗಿದೆ. ನೂಲು ನೂಲನ್ನು ಕಚ್ಚುತ್ತದೆ, ಬಾಲ ಬೇಕಿಲ್ಲ. ನೈಲಾನ್ ನುಣುಪು. ಬಿಗಿಯಾದಾಗ ಬಾಲ ಒಳಗೆ ಸರಿಯುತ್ತದೆ, ಮೋಟು ಬಾಲವಾದರೆ ಜಾರಿಯೇ ಹೋಗುತ್ತದೆ. ಒಂದು ಗೇಣು ಬಿಟ್ಟು ಕಟ್ಟಿದೆ. ಗೋಡೆಗೆ ಕಾಲು ಕೊಟ್ಟು ಜಗ್ಗಿದರೂ ಜಪ್ಪಯ್ಯ ಅನ್ನಲಿಲ್ಲ. ನಾನು ದೋಣಿಯಲ್ಲೂ ಬಟ್ಟೆ ನೇಯುತ್ತಿದ್ದೆ! ಮಂಕು ನನ್ನ ಮಗ.

ಅನುರಾಧಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದೋಣಿ ಕೊಟ್ಟು ಬರುತ್ತೇನೆ ಅಂದೆ. ಒಳಗೆ ಬಂದು ಗಂಟನ್ನು ಬೆರಳಿಂದ ಮುಟ್ಟಿದಳು.

“ಅವತ್ತ ನೀವು ಬಿದ್ದಾಗ ನಾ ನೀರಿಗಿಳಿದಿದ್ದೆ. ಇಳಿದದ್ದು ನನಗ ಗೊತ್ತಾಗಲೇ ಇಲ್ಲ.”

ಹಾಗಾದರೆ ಅವಳ ಸೀರೆ ಒದ್ದೆಯಾದದ್ದು ನನ್ನ ಬಟ್ಟೆಯಿಂದಲ್ಲ.

“ತಣ್ಣಗಿತ್ತರೀ. ನಮ್ಮ ಬಾವಿ ನೀರಿನಂಗ.”

ಅಷ್ಟು ಹೇಳಿ ಅಲ್ಲೇ ಕುಕ್ಕರಿಸಿ ಅತ್ತಳು. ಊರು ಬಿಟ್ಟ ದಿನವೂ ಅತ್ತಿರಲಿಲ್ಲವಂತೆ. ಪಕ್ಕದಲ್ಲಿ ಕೂತೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಹಗ್ಗದ ತುದಿ ಹಿಡಿದು ಕೂತಿದ್ದೆ.

ಏಪ್ರಿಲ್ 27, ಬೆಳಗಿನ 5.40

ಇನ್ನೊಮ್ಮೆ ಹೋಗಿ ಬರ್ರಿ ಅಂತ ಅವಳೇ ಅಂದಳು. ನಿನ್ನೆ ರಾಮಣ್ಣನ ಎದುರಿಗೆ ಒಬ್ಬನೇ ಹೋಗಿ ಬಂದೆ. ನೆಟ್ಟಗೆ. ಅವಳು ದಡದಲ್ಲಿ ನಿಂತು ನೋಡಿದಳು.

ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಳೆ. ಉಡಿ ತುಂಬಲು ಅಕ್ಕಿ, ಅರಿಷಿಣ, ಕುಂಕುಮ, ಹಸಿರು ಕುಬುಸದ ಖಣ. ಹೊಳೆಗಾ ಅಂತ ಕೇಳಿದೆ. ಮನೆಗೆ ಅಂದಳು. ಗುಡಿ ಶಿಖರದಿಂದ ಎಡಕ್ಕೆ ಮೂರನೆಯದು ಅವಳ ತವರು. ಅಲ್ಲಿ ದೋಣಿ ನಿಲ್ಲಿಸಬೇಕಂತೆ. ಹಾಯಿದೋಣಿಯನ್ನು ನಿಂತಲ್ಲೇ ನಿಲ್ಲಿಸುವುದು ಹೇಗೆ ಅಂತ ಯಾವ ವಿಡಿಯೋದಲ್ಲಿ ಹುಡುಕಲಿ... ನಮ್ಮ ಮಗ್ಗದ ಹಳೇ ತೂಕದ ಕಲ್ಲಿಗೆ ಹಗ್ಗ ಕಟ್ಟಿ ಲಂಗರು ಮಾಡಿಕೊಂಡಿದ್ದೇನೆ. ಅವಳಪ್ಪನ ಮಗ್ಗದ ಕುಣಿಯ ಹತ್ತಿರವೇ ಹೋಗಿ ಕೂರಲಿ ಅದು.

ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದಾಳೆ. ನನಗಿಂತ ಮೊದಲು! ಕರೆಯುತ್ತಿದ್ದಾಳೆ. ಬಾಲ ಬಿಟ್ಟೀರಿಲ್ಲೋ ಅಂತ ಕೇಳುತ್ತಿದ್ದಾಳೆ.

ಬಿಟ್ಟಿದ್ದೇನೆ ಮಾರಾಯ್ತಿ, ಒಂದು ಗೇಣು, ಬೇಕಾದರೆ ಇನ್ನೂ —