ದೊಡ್ಡ ಮಡುವಿನ ಕೆಳಗಿರುವವರು

ಜೂನ್ ೧೪, ಶುಕ್ರವಾರ

ಅಷ್ಟು ಜನರ ಮುಂದೆ ಹಾಗೆ ಹೇಳಿದವಳು ನಾನೇನಾ?

ಎಣ್ಣೆ ಕಂಪನಿಯವನು ಇವತ್ತು ಊರ ಸಭೆಗೆ ಬಂದಿದ್ದ. ಅವರ ಕೊಳವೆ ನಮ್ಮೂರ ಮರಾನ್ಯೋನ್ ಹೊಳೆಯ ದೊಡ್ಡ ಮಡುವಿನ ಅಡಿಯಲ್ಲೇ ಹೋಗುತ್ತದಂತೆ. ಒಡೆದರೆ ನೀರಿನ ಗತಿಯೇನು ಎಂದು ನಾನು ಕೇಳಿದ್ದಕ್ಕೆ, "ಒಡೆಯಲ್ಲಮ್ಮ. ಒಡೆದ್ರೂ ಅಲ್ಲಿ ಯಾರಿದಾರೆ?" ಅಂದ. ಊರ ಯಜಮಾನ ಆರ್ಟೆಮಿಯೋ ಮಾವ ಒಪ್ಪಿಗೆ ಪತ್ರಕ್ಕೆ ರುಜು ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದ.

"ನನ್ನ ಮಗ ರುಸ್ಬೆರ್ ಇದಾನೆ" ಎಂದುಬಿಟ್ಟೆ.

ಹೊಳೆ ಎಳೆದುಕೊಂಡವರು, ಹೆಣ ಸಿಗದವರು, ನೀರಿನ ಕೆಳಗಿನ ಊರಲ್ಲಿ ಬದುಕಿರುತ್ತಾರೆ. ಇದನ್ನು ನಾವು ಹೊರಗಿನವರ ಮುಂದೆ ಆಡುವುದಿಲ್ಲ, ನಗುತ್ತಾರೆ. ಕಂಪನಿಯವನೂ ನಕ್ಕ. "ಹಾಗಾದ್ರೆ ಅವನಿಗೂ ಕಂಪನೀಲಿ ಕೆಲಸ ಕೊಡೋಣ ಬಿಡಿ."

ಮುದುಕಿ ಲುಸ್ಮಿಲಾ ಎದ್ದಳು. "ನಮ್ಮಣ್ಣನೂ ಅಲ್ಲೇ ಇರೋದು. ಅವನಿಗೂ ಕೊಡಪ್ಪಾ, ಮೊದಲಿಂದ್ಲೂ ಸೋಮಾರಿ."

ಜನ ನಕ್ಕರು. ಮಾವ ನಗಲಿಲ್ಲ. ಪೆನ್ನು ಮುಚ್ಚಿ, "ನನ್ನ ಹೆಂಡ್ತಿ ಡೆಲ್ಸಿನೂ ಅಲ್ಲೇ ಇದಾಳೆ" ಅಂದ.

ಡೆಲ್ಸಿ ಯಾರ ಜೊತೆಗೋ ಪಟ್ಟಣಕ್ಕೆ, ಇಕಿಟೋಸ್‌ಗೆ ಓಡಿಹೋದಳೆಂದು ಊರಿಗೆ ಸಾರಿದವನೇ ಅವನು!

"ಅವಳು ಹೋದ ದೋಣಿ ಖಾಲಿ ಬಂದಿತ್ತು. ಓಡಿಹೋದ್ಲು ಅಂದ್ರೆ ಒಂದಿನ ವಾಪಸ್ ಬಂದಾಳು ಅಂತ ಆಸೆಯಾದ್ರೂ ಇರತ್ತಲ್ಲಾ, ಅದಕ್ಕೇ ಹಾಗಂದೆ."

ರುಜು ಆಗಲಿಲ್ಲ. ಕಂಪನಿಯವನು ಮತ್ತೆ ಬರುತ್ತಾನೆ, ರುಜು ಇಲ್ಲದೆಯೂ ಅಗೆದರೆ ಏನು ಮಾಡುವುದು? ಕೆಳಗಿನವರಿಗೆ ಯಾರು ತಿಳಿಸಬೇಕು?

ಡೆಲ್ಸಿಯನ್ನು ಎಷ್ಟು ಕೆಟ್ಟದಾಗಿ ಬೈದಿದ್ದೇನೆ. ಇಷ್ಟು ವರ್ಷ ನನ್ನ ಮಗನಿಗೆ ಮೀನು ಸುಟ್ಟು ಕೊಡುತ್ತಿದ್ದವಳು ಅವಳೇ ಏನೋ, ಅವನಿಗೆ ಮುಳ್ಳು ತೆಗೆಯಲೂ ಬರುತ್ತಿರಲಿಲ್ಲ.