ಅಪ್ಪನ ಬಲಗೈ ಮತ್ತು ನಿಮ್ಮ ಅತ್ಯುನ್ನತ ಗುಣಮಟ್ಟದ ವಿಡಿಯೊ

ಪುನಶ್ಚೇತನ ಚಿಕಿತ್ಸಾ ಇಲಾಖೆಯ ಆನ್‌ಲೈನ್ ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮ ವ್ಯಾಯಾಮದ ವಿಡಿಯೊಗಳು ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಓಡುವಂತೆ ಹೇಗೋ ಮಾಡಿಕೊಂಡಿದ್ದೆ. ಅದಕ್ಕೂ ಕಲ್ಲು ಹಾಕಿದಿರಿ. ವಿಷಯ ಇಷ್ಟೇ. ಇಷ್ಟನ್ನು ನಿಮ್ಮ ಸಹಾಯವಾಣಿಗೆ ಅರ್ಥಮಾಡಿಸಲು ಆಗದೆ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನನ್ನ ಅಪ್ಪ ನಿವೃತ್ತ ಬಸ್ ಚಾಲಕ. ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದೆ. ವ್ಯಾಯಾಮವೆಲ್ಲ ಜಾಲತಾಣದಲ್ಲೇ ಇದೆ, ಮೊದಲ ಕೆಲವು ತಿಂಗಳಲ್ಲಿ ಬಂದಷ್ಟೇ ಬಲ, ಆಮೇಲೆ ಕಷ್ಟ ಎಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದರು. ನನ್ನ ಜೆರಾಕ್ಸ್ ಅಂಗಡಿಯಲ್ಲಿ ದುಡಿದು ಸವೆದ ಕಂಪ್ಯೂಟರನ್ನು ಅಪ್ಪನ ಮಂಚದ ಎದುರು ಇಟ್ಟೆ. ಅದನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಂಪನಿಯವರು ಎಂದೋ ಎಳ್ಳುನೀರು ಬಿಟ್ಟಿದ್ದರು. ಅದರ ಜಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ ಮೇಲೆ ಬಿಲ್ಲು, ಪತ್ರ, ಮುದ್ರಣ ಯಾವುದಕ್ಕೂ ಅದು ತಕರಾರು ಮಾಡಿದ್ದಿಲ್ಲ. ತಕರಾರು ತೆಗೆದದ್ದು ನಿಮ್ಮ ವಿಡಿಯೊ ಮುಂದೆ ಮಾತ್ರ.

ಕೈ ಎತ್ತಿ ಇಳಿಸುವ ಒಬ್ಬ ತರಬೇತುಗಾರ್ತಿಯನ್ನು ತೋರಿಸಲು ಸಿನಿಮಾ ಮಂದಿರದ ಪರದೆಗೆ ಸಾಲುವಷ್ಟು ಸ್ಪಷ್ಟತೆ ಯಾಕೆ ಬೇಕು, ಮಾನ್ಯರೇ? ಆಕೆಯ ಹಿಂದಿನ ಗೋಡೆಯ ಸುಣ್ಣದ ಕಣಕಣವನ್ನೂ ರೋಗಿಗಳು ಕಣ್ತುಂಬಿಕೊಳ್ಳಬೇಕೇ? ನೀವು ಆರಿಸಿಕೊಂಡಿರುವ ಹೊಸ ಮಾದರಿಯ ವಿಡಿಯೊವನ್ನು ಬಿಡಿಸುವ ಶಕ್ತಿ ಹಳೆಯ ಗ್ರಾಫಿಕ್ಸ್ ಚಿಪ್‌ಗಳಿಗೆ ಇರುವುದಿಲ್ಲ. ಇಡೀ ಹೊರೆ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಫ್ಯಾನು ಬೊಬ್ಬೆ ಹೊಡೆಯುತ್ತದೆ, ಚಿತ್ರ ಕುಂಟುತ್ತ ಹೋಗಿ ನಿಂತುಬಿಡುತ್ತದೆ.

ನಿಂತರೆ ಗಂಟೇನು ಹೋಯಿತು ಎನ್ನುವಿರೇನೋ. ಮೊದಲ ದಿನ ನಾನು ಒಲೆ ಆರಿಸಿ ಬರುವಷ್ಟರಲ್ಲಿ ತರಬೇತುಗಾರ್ತಿ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಕಲ್ಲಾಗಿದ್ದರು. ಎದುರಿಗೆ ಅಪ್ಪ, ಎಡಗೈಯಿಂದ ಬಲಗೈಯನ್ನು ಅಷ್ಟೇ ಎತ್ತರಕ್ಕೆ ಹಿಡಿದು, ನಡುಗುತ್ತ, ಬೆವರುತ್ತ ಕೂತಿದ್ದರು.

"ಇಳಿಸಪ್ಪಾ, ಯಾಕೆ ಹಾಗೇ ಹಿಡ್ಕೊಂಡಿದ್ದೀಯ?"

"ಅವರಿನ್ನೂ ಇಳಿಸಿಲ್ವಲ್ಲಮ್ಮಾ."

ಮುಂದಿನ ಗಾಡಿ ನಿಂತರೆ ತಾವೂ ನಿಂತು, ಹಾರ್ನ್ ಕೂಡ ಹೊಡೆಯದೆ ಜೀವಮಾನವಿಡೀ ಕಾದ ಮನುಷ್ಯ. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಅವರ ಭುಜ ಊದಿಕೊಂಡು ಒಂದು ವಾರ ವ್ಯಾಯಾಮವೇ ನಿಂತಿತು.

ಸಹಾಯವಾಣಿಯವರಿಗೆ ಹೇಳಿದರೆ, "ಹೊಸ ಕಂಪ್ಯೂಟರ್ ತಗೊಳ್ಳಿ ಮೇಡಂ" ಎಂದರು. ಪುಣ್ಯಕ್ಕೆ, ಹೊಸ ಅಪ್ಪನನ್ನು ತಗೊಳ್ಳಿ ಎನ್ನಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಲಿನಕ್ಸ್ ಬಳಸುವವರ ಆನ್‌ಲೈನ್ ವೇದಿಕೆಯ ಅಪರಿಚಿತರು. ಬ್ರೌಸರಿನಲ್ಲಿ ನೋಡಬೇಡಿ, ವಿಡಿಯೊ ಡೌನ್‌ಲೋಡ್ ಮಾಡಿ ಇಳಿಸಿಕೊಂಡು, ಅಳತೆ ಕುಗ್ಗಿಸಿ, ಹಳೆಯ ಮಾದರಿಗೆ ಬದಲಿಸಿ, ಹಗುರವಾದ ಪ್ಲೇಯರಿನಲ್ಲಿ ಹಾಕಿ ಎಂದರು. ನೀರು ಕುಡಿದಷ್ಟು ಸಲೀಸಾಗಿ ಓಡಿತು. ಅಪ್ಪನ ಬೆರಳುಗಳು ಲೋಟ ಹಿಡಿಯತೊಡಗಿದವು. ಒಂದು ಬೆಳಿಗ್ಗೆ ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಂಡರು, ಒಂದು ಮೇಲೆ ಒಂದು ಕೆಳಗೆ. ಅದನ್ನು ಸರಿಮಾಡಲು ನನಗೆ ಮನಸ್ಸೇ ಬರಲಿಲ್ಲ.

ಆಗ ನಿಮ್ಮ ಇಲಾಖೆ ಮೈಕೊಡವಿ ಎದ್ದಿತು. ಮುಂದಿನ ಹಂತದ ವಿಡಿಯೊಗಳು ತೆರೆಯುವ ಹೊತ್ತಿಗೆ, 'ಭದ್ರತೆಯ ದೃಷ್ಟಿಯಿಂದ' ಇಳಿಸಿಕೊಳ್ಳುವುದನ್ನೇ ಬಂದ್ ಮಾಡಿದಿರಿ. ಮಣಿಕಟ್ಟು ತಿರುಗಿಸುವ ಗುಟ್ಟನ್ನು ಕದಿಯಲು ಯಾವ ಶತ್ರು ಹೊಂಚು ಹಾಕಿದ್ದನೋ ಕಾಣೆ. ಬ್ರೌಸರಿನಲ್ಲೇ ತೆರೆಯಹೋದರೆ ಈಗ ಪರದೆಯ ಮೇಲೆ ಬರುವುದು ಒಂದೇ ಸಾಲು: 'ನಿಮ್ಮ ಸಾಧನ ಈ ಚಿಕಿತ್ಸೆಗೆ ಅರ್ಹವಲ್ಲ.'

ನಿನ್ನೆ ಅಪ್ಪ ಆ ಸಾಲನ್ನು ಎರಡೆರಡು ಸಲ ಓದಿ ಕೇಳಿದರು: "ನನ್ನ ಕೈಲಿ ಆಗಲ್ಲ ಅಂತ ಅವರಿಗೆ ಗೊತ್ತಾಗೋಯ್ತೇನಮ್ಮಾ?"

ಕಂಪ್ಯೂಟರಿಗೆ ಹೇಳಿದ್ದು ಎಂದು ನಾನು ಎಷ್ಟು ವಿವರಿಸಿದರೂ ಅವರು ನಂಬಲಿಲ್ಲ. ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು.

ನಾನು ಆಕಾಶ ಕೇಳುತ್ತಿಲ್ಲ. ಪ್ರತಿ ವಿಡಿಯೊದ ಪಕ್ಕ ಚಿಕ್ಕ ಅಳತೆಯ, ಹಳೆಯ ಮಾದರಿಯ ಒಂದು ಪ್ರತಿಯನ್ನು ಇಡಿ, ಇಳಿಸಿಕೊಳ್ಳಲು ಬಿಡಿ. ನಿಮ್ಮ ತಂತ್ರಜ್ಞರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಅಲ್ಲಿಯವರೆಗೆ ಆ ಸಾಲನ್ನಾದರೂ ಇವತ್ತೇ ಅಳಿಸಿಹಾಕಿಸಿ. ನಾನು ಅಂಗಡಿಗೆ ಹೋದ ಮೇಲೆ ಅಪ್ಪ ಅದರ ಮುಂದೆ ಒಬ್ಬರೇ ಕೂತಿರುತ್ತಾರೆ.

ಇಂತಿ,
'ದೋಷ ಬಳಕೆದಾರರ ಕಡೆಯದು' ಎಂದು ನೀವು ಷರಾ ಬರೆದು ಮುಚ್ಚಿದ ದೂರಿನ ಒಡತಿ